ಗಂಜಿ, ಹುರುಳಿ, ಬಂಗುಡೆ, ಪೌಡರ್: ತಿಂದ ಪ್ರೊಟೀನ್‌ನಲ್ಲಿ ಮೈಗೆ ಸೇರುವುದೆಷ್ಟು?

(ಈ ವಾರದ ಆರೋಗ್ಯ ಪಾಡ್‌ಕಾಸ್ಟ್‌ನ ಬರಹ ರೂಪ ಇಲ್ಲಿದೆ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಚುಟುಕುಗೊಳಿಸಲಾಗಿದೆ.)

ಎಲ್ಲರೂ ಊಟ ಮುಗಿಸಿದ್ದೀರಿ ಅಂದ್ಕೊಳ್ತೇನೆ. ಮುಗಿಸಿಲ್ಲ ಅಂದ್ರೂ ಒಳ್ಳೇದೇ, ಇವತ್ತು ಮಾತಾಡ್ತಿರೋದು ತಟ್ಟೆಯ ಬಗ್ಗೆಯೇ.

ಕಾಪುವಿನಿಂದ ಒಬ್ಬರು ಅಕ್ಕ ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಹೆಸರು ಹೇಳುವುದು ಬೇಡ ಅಂದಿದ್ದಾರೆ. ಅವರ ಮಾತನ್ನು ಹಾಗೆಯೇ ಹೇಳ್ತೇನೆ ಕೇಳಿ: "ನಮಸ್ಕಾರ ಸರ್. ನಮ್ಮ ಅತ್ತೆಗೆ 74 ವರ್ಷ. ಕಳೆದ ಮಳೆಗಾಲದಲ್ಲಿ ಜಗಲಿಯಲ್ಲಿ ಜಾರಿ ಬಿದ್ದು ಸೊಂಟದ ಆಪರೇಷನ್ ಆಗಿದೆ. ಈಗ ವಾಕರ್ ಹಿಡ್ಕೊಂಡು ನಾಲ್ಕು ಹೆಜ್ಜೆ ನಡೀತಾರೆ, ಅಷ್ಟೇ. ಡಾಕ್ಟ್ರು ಪ್ರೊಟೀನ್ ಕೊಡಿ ಅಂತಾರೆ. ಅತ್ತೆ ಮಾತ್ರ ಮೂರು ಹೊತ್ತೂ ಗಂಜಿ, ಉಪ್ಪಿನಕಾಯಿ, ಹುರುಳಿ ಸಾರು. ಮೊಟ್ಟೆ, ಮೀನು ಕೊಟ್ರೆ 'ಎಂಕ್ ಜೀರ್ಣ ಆಪುಜಿ' ಅಂತ ತಟ್ಟೆ ದೂಡ್ತಾರೆ. ಇನ್ನೊಂದು ಕಡೆ ನನ್ನ ಮಗ, ಮಣಿಪಾಲದಲ್ಲಿ ಓದೋದು, ಜಿಮ್‌ಗೆ ಹೋಗ್ತಾನೆ. ಸಾವಿರಾರು ರೂಪಾಯಿಯ ಪೌಡರ್ ಡಬ್ಬ ತಗೊಳ್ತಾನೆ. ಒಂದೇ ಮನೆಯಲ್ಲಿ ಎರಡು ಕಥೆ. ಆ ಪೌಡರನ್ನೇ ಅತ್ತೆಗೂ ಕೊಡಬಹುದಾ? ಇಲ್ಲ ಹುರುಳಿ ಸಾರೇ ಸಾಕಾ? ಯಾವುದು ನಿಜವಾಗಿ ಜೀರ್ಣ ಆಗುವುದು ಅಂತ ಸ್ವಲ್ಪ ಬಿಡಿಸಿ ಹೇಳಿ."

ಅಕ್ಕ, ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಉಡುಪಿಯಿಂದ ಕಾರ್ಕಳದವರೆಗೆ ಎಷ್ಟೋ ಮನೆಗಳಲ್ಲಿ ಇದೇ ಕಥೆ ಉಂಟು. ಒಂದೊಂದಾಗಿ ನೋಡುವ.

'ಜೀರ್ಣ ಆಗಲ್ಲ' ಅಂದ್ರೆ ಎಂತ?

ಮೊದಲು ಈ 'ಜೀರ್ಣ' ಎಂಬ ಪದವನ್ನೇ ನೋಡಬೇಕು. ನಾವು ಇದನ್ನು ಎರಡು ಅರ್ಥದಲ್ಲಿ ಬಳಸ್ತೇವೆ, ಆದರೆ ಒಂದೇ ಅಂದ್ಕೊಂಡಿರ್ತೇವೆ.

ಕಡಲೆ ತಿಂದ್ರೆ ಹೊಟ್ಟೆ ಉಬ್ಬರಿಸ್ತದೆ, ವಾಯು ಆಗ್ತದೆ. ಆಗ 'ಜೀರ್ಣ ಆಗಲಿಲ್ಲ' ಅಂತೇವೆ. ಆದರೆ ಆ ವಾಯುವಿಗೆ ಮುಖ್ಯ ಕಾರಣ ಪ್ರೊಟೀನ್ ಅಲ್ಲ. ಕಾಳುಗಳಲ್ಲಿ ರಾಫಿನೋಸ್ ಜಾತಿಯ ಕೆಲವು ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ಅವು ಹಾಗೇ ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳ ಬಾಯಿಗೆ ಬಿದ್ದು ಗ್ಯಾಸ್ ಆಗ್ತವೆ. ಅದೇ ಹೊತ್ತಿಗೆ ಆ ಕಡಲೆಯ ಪ್ರೊಟೀನ್‌ನ ಬಹುಪಾಲು ರಕ್ತ ಸೇರಿ ಆಗಿರುತ್ತದೆ.

ಇದರ ಉಲ್ಟಾ ಕೂಡ ನಡೆಯುತ್ತದೆ. ಗಂಜಿ ಕುಡಿದ್ರೆ ಹೊಟ್ಟೆ ಹಗುರ, ಒಂದು ತೇಗು ಬಂತು, 'ಚೆಂದ ಜೀರ್ಣ ಆಯ್ತು'. ಆದರೆ ಆ ಗಂಜಿಯಲ್ಲಿ ಇದ್ದ ಪ್ರೊಟೀನ್ ಎಷ್ಟು? ಅದರಲ್ಲಿ ಸ್ನಾಯು ಕಟ್ಟಲು ಬೇಕಾದ್ದು ಎಷ್ಟು? ಹೊಟ್ಟೆಗೆ ಅದು ಗೊತ್ತಾಗುವುದಿಲ್ಲ. ಹೊಟ್ಟೆಯ ಲೆಕ್ಕ ಬೇರೆ, ರಕ್ತದ ಲೆಕ್ಕ ಬೇರೆ. ಇವತ್ತು ನಾವು ನೋಡುವುದು ಎರಡನೆಯದನ್ನು.

ಒಳಗೆ ನಡೆಯುವ ಕೆಲಸ

ಪ್ರೊಟೀನ್ ಅಂದ್ರೆ ಉದ್ದದ ಮಣಿಸರ ಅಂದ್ಕೊಳ್ಳಿ. ಮಣಿಗಳ ಹೆಸರು ಅಮೈನೊ ಆಮ್ಲ. 20 ಬಗೆ ಇವೆ. ಇವುಗಳಲ್ಲಿ 9 ಬಗೆಯನ್ನು ನಮ್ಮ ದೇಹ ತಾನಾಗಿ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು.

ಸರ ಸುಕ್ಕು ಸುಕ್ಕಾಗಿ ಮಡಚಿಕೊಂಡಿರುತ್ತದೆ. ಬೇಯಿಸಿದಾಗ ಆ ಮಡಿಕೆ ಬಿಚ್ಚುತ್ತದೆ. ಜಠರದ ಆಮ್ಲ ಇನ್ನಷ್ಟು ಬಿಚ್ಚುತ್ತದೆ, ಪೆಪ್ಸಿನ್ ಎಂಬ ಕಿಣ್ವ ಅಲ್ಲಲ್ಲಿ ಕತ್ತರಿಸುತ್ತದೆ. ಮುಂದೆ ಸಣ್ಣ ಕರುಳಿನಲ್ಲಿ ಮೇದೋಜೀರಕ ಗ್ರಂಥಿಯಿಂದ ಬರುವ ಟ್ರಿಪ್ಸಿನ್, ಕೈಮೋಟ್ರಿಪ್ಸಿನ್ ಸೇರಿ ಸಣ್ಣ ಸಣ್ಣ ತುಂಡು ಮಾಡುತ್ತವೆ. ಒಂಟಿ ಮಣಿ, ಎರಡು ಮಣಿ, ಮೂರು ಮಣಿಯ ತುಂಡುಗಳು ಕರುಳಿನ ಗೋಡೆ ದಾಟುತ್ತವೆ. ಸಣ್ಣ ಕರುಳು ಮುಗಿಯುವಷ್ಟರಲ್ಲಿ ದಾಟದೇ ಉಳಿದದ್ದು ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿ ಹೋದದ್ದು ಸ್ನಾಯುವಿಗೆ ಲಾಭವಿಲ್ಲ, ಬ್ಯಾಕ್ಟೀರಿಯಾಗಳ ಪಾಲು.

ಹಾಗಾದ್ರೆ ಪ್ರಶ್ನೆ ಎರಡು. ಒಂದು, ತಿಂದದ್ದರಲ್ಲಿ ಎಷ್ಟು ದಾಟಿತು? ಎರಡು, ದಾಟಿದ ಮಣಿಗಳಲ್ಲಿ ಆ 9 ಬಗೆಯೂ ಬೇಕಾದಷ್ಟು ಇದ್ದವಾ?

ಅಳೆದದ್ದು ಹೇಗೆ?

ಹಿಂದೆ ಇದನ್ನು ಸುಲಭ ದಾರಿಯಲ್ಲಿ ಅಳೀತಿದ್ರು. ತಿಂದದ್ದೆಷ್ಟು, ಮಲದಲ್ಲಿ ಹೋದದ್ದೆಷ್ಟು, ಕಳೆದು ನೋಡುವುದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆಗಳು ಬಳಸಿದ ಹಳೆಯ ಪಟ್ಟಿಯ ಪ್ರಕಾರ ಮೊಟ್ಟೆಯದು ಶೇ 97, ಹಾಲಿನದು ಶೇ 95, ಮಾಂಸ–ಮೀನಿನದು ಶೇ 94, ಪಾಲಿಶ್ ಮಾಡಿದ ಅಕ್ಕಿಯದು ಶೇ 88, ಬೀನ್ಸ್ ಕಾಳಿನದು ಶೇ 78. ಆದರೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಮಧ್ಯದಲ್ಲಿ ತಿಂದು ಹಾಕಿದ್ದೂ ಈ ಲೆಕ್ಕದಲ್ಲಿ 'ಜೀರ್ಣ' ಅಂತಲೇ ಸೇರಿಬಿಡುತ್ತದೆ. ಅದಕ್ಕೇ 2011ರ ಸಭೆಯ ನಂತರ 2013ರಲ್ಲಿ ಬಂದ ವರದಿಯಲ್ಲಿ ಆಹಾರ ಮತ್ತು ಕೃಷಿ ಸಂಸ್ಥೆ ಹೊಸ ಅಳತೆ ಸೂಚಿಸಿತು. ಸಣ್ಣ ಕರುಳಿನ ಕೊನೆಯಲ್ಲಿಯೇ, ಪ್ರತಿಯೊಂದು ಅಮೈನೊ ಆಮ್ಲವನ್ನೂ ಬೇರೆ ಬೇರೆಯಾಗಿ ಅಳೆಯಬೇಕು ಅಂತ.

ಅಲ್ಲಿ ಅಳೆಯುವುದು ಹೇಗೆ ಮಾರಾಯ್ರೆ? ಮನುಷ್ಯರ ಕರುಳಿಗೆ ನಳಿಗೆ ಇಳಿಸಬೇಕು. ಯಾರು ಒಪ್ತಾರೆ? ಇಲ್ಲಿ ನಮ್ಮ ಕರ್ನಾಟಕದ ಕೆಲಸವೊಂದನ್ನು ಹೇಳಲೇಬೇಕು. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಡಾ. ಅನುರಾ ಕುರ್ಪಾಡ್ ಮತ್ತು ಅವರ ತಂಡದವರು ನಳಿಗೆ ಇಲ್ಲದೆ ಅಳೆಯುವ ದಾರಿ ಮಾಡಿದರು. ಕಾಳಿನ ಗಿಡಗಳಿಗೆ 'ಭಾರ ಜಲ' ಕೊಟ್ಟು ಬೆಳೆಸಿದರು. ಅಂದ್ರೆ ಸಾಮಾನ್ಯ ಹೈಡ್ರೋಜನ್ ಬದಲು ಸ್ವಲ್ಪ ಹೆಚ್ಚು ತೂಕದ ಹೈಡ್ರೋಜನ್ ಇರುವ ನೀರು. ಅದು ಕಾಳಿನ ಪ್ರೊಟೀನ್ ಒಳಗೇ ಗುರುತಾಗಿ ಕೂರುತ್ತದೆ. ಕೋಳಿಗಳ ಮೂಲಕ ಮೊಟ್ಟೆಗೂ ಹೀಗೇ ಗುರುತು ಹಾಕಿಸಿದರು. ಇದರ ಜೊತೆಗೆ ಬೇರೊಂದು ಗುರುತಿನ, ಜೀರ್ಣವಾಗುವ ಪ್ರಮಾಣ ಮೊದಲೇ ಗೊತ್ತಿದ್ದ ಪ್ರೊಟೀನನ್ನೂ ತಿನ್ನಿಸಿ, ರಕ್ತದಲ್ಲಿ ಎರಡೂ ಗುರುತು ಎಷ್ಟೆಷ್ಟು ಬಂತು ಅಂತ ಹೋಲಿಸಿ ನೋಡಿದರು.

2018–19ರ ಹೊತ್ತಿಗೆ ಪ್ರಕಟವಾದ ಫಲಿತಾಂಶಗಳು ಹೀಗಿವೆ. ಬೇಯಿಸಿದ ಮೊಟ್ಟೆ, ಕೋಳಿಮಾಂಸ: ಶೇ 90ರ ಆಸುಪಾಸು. ಕಡಲೆ: ಶೇ 75ರ ಆಸುಪಾಸು. ಇಡೀ ಹೆಸರುಕಾಳು: ಶೇ 63ರ ಆಸುಪಾಸು. ಅದೇ ಹೆಸರಿನ ಸಿಪ್ಪೆ ತೆಗೆದರೆ ಸುಮಾರು 10 ಅಂಶ ಮೇಲೆ ಬಂತು!

ಈ ಕೊನೆಯ ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಸಿಪ್ಪೆಯಲ್ಲಿ ನಾರು, ಟ್ಯಾನಿನ್ ಇರುತ್ತದೆ. ಅವು ಕಿಣ್ವಗಳ ಕೆಲಸಕ್ಕೆ ಅಡ್ಡ ಬರುತ್ತವೆ. ಆರೋಗ್ಯವಂತರಿಗೆ ಸಿಪ್ಪೆಯ ನಾರು ಒಳ್ಳೆಯದೇ. ಆದರೆ ಸ್ವಲ್ಪವೇ ತಿನ್ನುವ, ಆಪರೇಷನ್ ಆದ ಅಜ್ಜಿಗೆ ಇಡೀ ಕಾಳಿಗಿಂತ ಹೆಸರುಬೇಳೆಯೇ ಮೇಲು.

ಗಂಜಿಯ ಕೊರತೆ, ಇಡ್ಲಿಯ ಜಾಣತನ

ಈಗ ಎರಡನೇ ಪ್ರಶ್ನೆ. 9 ಬಗೆಯ ಮಣಿಗಳಲ್ಲಿ ಒಂದರ ಹೆಸರು ಲೈಸಿನ್. ವಯಸ್ಕರಿಗೆ ಒಂದು ಗ್ರಾಂ ಪ್ರೊಟೀನ್‌ನಲ್ಲಿ 45 ಮಿಲಿಗ್ರಾಂ ಲೈಸಿನ್ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅಕ್ಕಿಯಲ್ಲಿ ಸುಮಾರು 37 ಉಂಟು. ಕುಚ್ಚಲಕ್ಕಿ ಆದ್ರೂ ಅಷ್ಟೇ, ಬೆಳ್ತಿಗೆ ಆದ್ರೂ ಅಷ್ಟೇ. ಅಂದ್ರೆ ಬರೀ ಗಂಜಿ ಕುಡಿದವರಿಗೆ ಲೈಸಿನ್ ಮುಗಿದಲ್ಲಿಗೆ ಕಟ್ಟಡದ ಕೆಲಸ ನಿಂತಿತು. ಉಳಿದ ಮಣಿಗಳು ಇದ್ದೂ ಉಪಯೋಗಕ್ಕೆ ಬಾರದೆ, ಉರಿದು ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತವೆ.

ಬೇಳೆಕಾಳುಗಳಲ್ಲಿ ಲೈಸಿನ್ ಸುಮಾರು 65–70 ಮಿಲಿಗ್ರಾಂ. ಆದರೆ ಮೆಥಿಯೊನಿನ್ ಎಂಬ ಇನ್ನೊಂದು ಮಣಿ ಕಡಿಮೆ. ಅದು ಅಕ್ಕಿಯಲ್ಲಿ ಸಾಕಷ್ಟು ಉಂಟು. ಮೂರು ಪಾಲು ಅಕ್ಕಿಗೆ ಒಂದು ಪಾಲು ಬೇಳೆ ಹಾಕಿ ಲೆಕ್ಕ ಮಾಡಿದ್ರೆ, ಮಿಶ್ರಣದ ಲೈಸಿನ್ 50 ದಾಟುತ್ತದೆ. ಕೊರತೆ ಹೋಯಿತು. ಉದ್ದು–ಅಕ್ಕಿಯ ಇಡ್ಲಿ ಮಾಡುವುದು ಇದನ್ನೇ. ಅದೂ ಅಲ್ಲದೆ ನೆನೆಸಿ, ನುಣ್ಣಗೆ ರುಬ್ಬಿ, ರಾತ್ರಿಯಿಡೀ ಹುದುಗು ಬರಿಸಿ, ಹಬೆಯಲ್ಲಿ ಬೇಯಿಸ್ತೇವೆ. ಕಿಣ್ವಗಳಿಗೆ ಅಡ್ಡ ಬರುವ ಪದಾರ್ಥಗಳು ಒಂದೊಂದು ಹಂತದಲ್ಲೂ ಕಡಿಮೆಯಾಗುತ್ತವೆ. ಹಲ್ಲಿಲ್ಲದವರೂ ತಿನ್ನಬಹುದು. ಉಡುಪಿ ಹೋಟೆಲಿನ ತಟ್ಟೆ ಪ್ರಪಂಚ ಸುತ್ತಿ ಬಂದದ್ದು ರುಚಿಗೆ. ಅದರೊಳಗೆ ಈ ಲೆಕ್ಕವೂ ಉಂಟು.

ಉಡುಪಿಯ ಇನ್ನೊಂದು ಉದಾಹರಣೆ ನೋಡಿ. ಮಠಗಳಲ್ಲಿ, ಮಾಧ್ವರ ಮನೆಗಳಲ್ಲಿ ಚಾತುರ್ಮಾಸ್ಯ ಆಚರಿಸ್ತಾರೆ. ಒಂದು ತಿಂಗಳು ಶಾಕ ವ್ರತ, ಒಂದು ತಿಂಗಳು ದಧಿ ವ್ರತ, ಮತ್ತೆ ಕ್ಷೀರ ವ್ರತ, ಕೊನೆಗೆ ದ್ವಿದಳ ವ್ರತ. ದ್ವಿದಳ ವ್ರತದ ತಿಂಗಳು ಬೇಳೆಕಾಳು ಇಲ್ಲ. ಆಚರಣೆಯ ಕಾರಣ ಧಾರ್ಮಿಕ, ಅದು ಅವರವರ ಶ್ರದ್ಧೆ. ಪೋಷಣೆಯ ಕಣ್ಣಿಂದ ನೋಡಿದ್ರೆ, ಬೇಳೆ ಬಿಟ್ಟ ತಿಂಗಳಲ್ಲಿ ಹಾಲು–ಮೊಸರು ಇರುತ್ತದೆ, ಹಾಲು ಬಿಟ್ಟ ತಿಂಗಳಲ್ಲಿ ಬೇಳೆ ಇರುತ್ತದೆ. ಎರಡೂ ಲೈಸಿನ್‌ನ ಮೂಲಗಳೇ. ವ್ರತ ಮಾಡುವ ಹಿರಿಯರು ಮನೆಯಲ್ಲಿದ್ದರೆ ದ್ವಿದಳದ ತಿಂಗಳಲ್ಲಿ ಒಂದು ಲೋಟ ಹಾಲು, ಒಂದು ಬಟ್ಟಲು ಮೊಸರು ಹೆಚ್ಚು ಬಡಿಸಿ. ಬರೀ ಅನ್ನ–ತಿಳಿಸಾರಿನಲ್ಲಿ ತಿಂಗಳು ಕಳೆಯುವುದು ಬೇಡ.

ಶಾಲೆಯ ಮಕ್ಕಳ ವಿಷಯದಲ್ಲೂ ಇದೇ ಲೆಕ್ಕ. ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ಕೊಡ್ತಾರೆ, ತಿನ್ನದವರಿಗೆ ಬಾಳೆಹಣ್ಣು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೊಟೀನ್. ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ. ಮೊಟ್ಟೆ ತಿನ್ನದ ಮನೆಯವರು 'ಬದಲಿಗೆ ಹಣ್ಣು ಕೊಟ್ರು' ಅಂತ ಸುಮ್ಮನಾಗದೆ, ಮನೆಯಲ್ಲಿ ಒಂದು ಲೋಟ ಹಾಲು, ಒಂದು ಬಟ್ಟಲು ದಪ್ಪ ಬೇಳೆ ಕೊಟ್ಟರೆ ಲೆಕ್ಕ ಸರಿಹೋಗುತ್ತದೆ.

ಹುರುಳಿ ಸಾರಿನ ತಿಳಿ

ಅಕ್ಕ, ಈಗ ನಿಮ್ಮ ಹುರುಳಿ ಸಾರಿಗೆ ಬರ್ತೇನೆ. ಹುರುಳಿ, ತುಳುವಿನಲ್ಲಿ ಕುಡು, ಬಹಳ ಒಳ್ಳೆಯ ಕಾಳು. ನೂರು ಗ್ರಾಂನಲ್ಲಿ 21–22 ಗ್ರಾಂ ಪ್ರೊಟೀನ್. ಆದರೆ ನಾವು ಸಾರು ಮಾಡುವುದು ಹೇಗೆ? ಹುರುಳಿ ಬೇಯಿಸಿ, ಕಟ್ಟು ಬಸಿದು, ಆ ನೀರಿಗೆ ಒಗ್ಗರಣೆ. ಬೆಂದ ಕಾಳನ್ನು ಎಷ್ಟೋ ಮನೆಯಲ್ಲಿ ದನಕ್ಕೆ ಹಾಕ್ತಿದ್ರು. ಪ್ರೊಟೀನ್‌ನ ಬಹುಪಾಲು ಉಳಿದದ್ದು ಆ ಕಾಳಿನಲ್ಲಿ! ಸಾರಿಗೆ ರುಚಿ ಬಂತು, ಪರಿಮಳ ಬಂತು, ಪ್ರೊಟೀನ್ ದನಕ್ಕೆ ಹೋಯಿತು.

ಬಾಣಂತಿಗೆ, ಮಗುವಿಗೆ, ಜ್ವರ ಬಂದವರಿಗೆ ಕೊಡುವ 'ಬೇಳೆ ಕಟ್ಟು' ಕೂಡ ಹೀಗೇ. ಮೇಲಿನ ತಿಳಿ ಕೊಟ್ಟು, ಕೆಳಗಿನ ಬೇಳೆ ನಾವು ತಿಂದ್ರೆ, ಶಕ್ತಿ ಯಾರಿಗೆ ಬಂತು? ಜೀರ್ಣಶಕ್ತಿ ಕಡಿಮೆ ಅಂತ ತಿಳಿ ಕೊಡುವ ಬದಲು ಬೇಳೆಯನ್ನೇ ಮೆತ್ತಗೆ ಬೇಯಿಸಿ, ಮಸೆದು ತೊವ್ವೆ ಮಾಡಿ ಕೊಡಿ. ಹುರುಳಿಯಾದರೆ ರಾತ್ರಿ ನೆನೆಸಿ, ಮೊಳಕೆ ಬರಿಸಿ, ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ, ಕಾಳು ಸಮೇತ ರುಬ್ಬಿ ಸಾರು ಮಾಡಿ. ಹಸಿ ಕಾಳಿನಲ್ಲಿ ಟ್ರಿಪ್ಸಿನ್‌ಗೆ ಬೀಗ ಹಾಕುವ ಪದಾರ್ಥಗಳಿರುತ್ತವೆ. ಚೆನ್ನಾಗಿ ಬೇಯಿಸಿದಾಗ ಅವುಗಳ ಬಹುಪಾಲು ನಾಶವಾಗುತ್ತದೆ. ನೆನೆಸಿದ ನೀರು ಚೆಲ್ಲಿದರೆ ವಾಯು ಮಾಡುವ ಸಕ್ಕರೆಯೂ ಸ್ವಲ್ಪ ಹೋಗುತ್ತದೆ.

ಬೇಯಿಸುವುದು ಎಷ್ಟು ಮುಖ್ಯ ಅನ್ನುವುದಕ್ಕೆ ಮೊಟ್ಟೆಯೇ ಸಾಕ್ಷಿ. 1998ರಲ್ಲಿ ಬೆಲ್ಜಿಯಂನ ಸಂಶೋಧಕರು ಅಳೆದು ನೋಡಿದರು. ಬೇಯಿಸಿದ ಮೊಟ್ಟೆಯ ಪ್ರೊಟೀನ್ ಶೇ 91ರಷ್ಟು ಜೀರ್ಣವಾಯಿತು. ಹಸಿಯದು? ಶೇ 51. ಜಿಮ್ ಮುಗಿಸಿ ಹಸಿ ಮೊಟ್ಟೆ ಒಡೆದು ಕುಡಿಯುವ ಮಣಿಪಾಲದ ಹುಡುಗರೇ, ಅರ್ಧ ಮೊಟ್ಟೆ ಚರಂಡಿಗೆ ಹೋದ ಹಾಗೆ ಆಯ್ತು. ಸಾಲ್ಮೊನೆಲ್ಲಾ ಸೋಂಕಿನ ಭಯ ಬೇರೆ.

ಮೀನಿನ ಸ್ನಾಯುವಿನಲ್ಲಿ ಗಟ್ಟಿ ನಾರಿನ ಅಂಶ ಮಾಂಸಕ್ಕಿಂತ ಬಹಳ ಕಡಿಮೆ. ಅದಕ್ಕೇ ಐದು–ಹತ್ತು ನಿಮಿಷದಲ್ಲಿ ಬೇಯುತ್ತದೆ, ಬಾಯಲ್ಲಿ ಕರಗುತ್ತದೆ. ಬಂಗುಡೆ, ಬೂತಾಯಿ, ಅಂಜಲ್ ಯಾವುದೇ ಇರಲಿ, ನೂರು ಗ್ರಾಂ ತಿರುಳಿನಲ್ಲಿ 18–20 ಗ್ರಾಂ ಪ್ರೊಟೀನ್. ದುಬಾರಿ ಅಂಜಲ್‌ನ ಪ್ರೊಟೀನ್ ಬಂಗುಡೆಯದಕ್ಕಿಂತ ಶ್ರೇಷ್ಠವೇನಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇದ್ದು ಮಲ್ಪೆಯ ಬೋಟುಗಳು ದಡದಲ್ಲಿರುತ್ತವೆ, ಹಸಿ ಮೀನು ತುಟ್ಟಿ. ಆಗ ಒಣಮೀನು ನಂಬಿದ್ರೆ ಉಪ್ಪು ಹೆಚ್ಚು, ಬಿಪಿ ಇದ್ದವರಿಗೆ ಒಳ್ಳೆಯದಲ್ಲ. ಆ ತಿಂಗಳುಗಳಿಗೆ ಮೊಟ್ಟೆ, ಬೇಳೆ, ಮೊಸರು ಇರಲಿ.

ಒಂದು ಮನೆ, ಎರಡು ತಟ್ಟೆ

ಈಗ ಲೆಕ್ಕ ಹಾಕುವ. ಐಸಿಎಂಆರ್–ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನ ಪ್ರಕಾರ, ಒಳ್ಳೆಯ ಗುಣಮಟ್ಟದ ಪ್ರೊಟೀನ್ ಆದರೆ ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ ಸಾಕು. ಧಾನ್ಯವೇ ಹೆಚ್ಚಿರುವ ಊಟವಾದರೆ 1 ಗ್ರಾಂ. 65 ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕು ಅಂತ ವೃದ್ಧಾಪ್ಯದ ತಜ್ಞರು ಹೇಳ್ತಾರೆ. ಆರೋಗ್ಯವಂತ ಹಿರಿಯರಲ್ಲಿ ಕರುಳಿನ ಶಕ್ತಿ ಅಷ್ಟೇನೂ ಕುಂದಿರುವುದಿಲ್ಲ. ಕುಂದುವುದು ಸ್ನಾಯುವಿನ ಸ್ಪಂದನೆ. ಅಷ್ಟೇ ಕೆಲಸಕ್ಕೆ ಹೆಚ್ಚು ಸಾಮಾನು ಬೇಕು ಅಂತ ಇಟ್ಕೊಳ್ಳಿ.

ಅತ್ತೆಯ ತೂಕ 48 ಕೆ.ಜಿ. ಇದೆ ಅಂದ್ಕೊಳ್ಳುವ. ಬೇಕಾದದ್ದು 48ರಿಂದ 58 ಗ್ರಾಂ. ಈಗ ಸಿಗುತ್ತಿರುವುದು? ದಿನಕ್ಕೆ 150 ಗ್ರಾಂ ಕುಚ್ಚಲಕ್ಕಿಯ ಗಂಜಿಯಿಂದ 11, ಎರಡು ಚಹಾದ ಹಾಲಿನಿಂದ 3, ಸಾರಿನ ತಿಳಿ, ಮಜ್ಜಿಗೆ ಸೇರಿ 2–3. ಒಟ್ಟು 16–17 ಗ್ರಾಂ. ಬೇಕಾದ್ದರ ಮೂರನೇ ಒಂದು ಪಾಲು. ಅದರಲ್ಲೂ ಲೈಸಿನ್ ಕೊರತೆ. ವಾಕರ್ ಬಿಟ್ಟು ನಡೆಯಬೇಕಾದ ಕಾಲಿಗೆ ಸ್ನಾಯು ಎಲ್ಲಿಂದ ಬರಬೇಕು ಹೇಳಿ? ಇನ್ನೊಮ್ಮೆ ಬೀಳುವ ಅಪಾಯ ಇರುವುದೂ ಇಲ್ಲಿಯೇ.

ಗಂಜಿ ಬಿಡಿಸುವುದು ಬೇಡ. ಗಂಜಿಯ ಜೊತೆಗೆ ಸೇರಿಸಿ. 40 ಗ್ರಾಂ ಹೆಸರುಬೇಳೆಯ ದಪ್ಪ ತೊವ್ವೆ, 9 ಗ್ರಾಂ. ಎರಡು ಬೇಯಿಸಿದ ಮೊಟ್ಟೆ, 12. ಮುಳ್ಳು ಬಿಡಿಸಿದ ಕಾಣೆ ಅಥವಾ ಬಂಗುಡೆಯ 60 ಗ್ರಾಂ ತಿರುಳು, 11. ಹಾಲು, ಮೊಸರು ಸೇರಿ 300 ಮಿಲಿಲೀಟರ್, 9. ಗಂಜಿಯ 11 ಸೇರಿದ್ರೆ 52 ಗ್ರಾಂ. ಆಯ್ತು!

ಕಾರ್ಕಳದ ಜೈನರ ಮನೆಯೋ, ಬ್ರಾಹ್ಮಣರ ಮನೆಯೋ, ಮೊಟ್ಟೆ–ಮೀನು ಇಲ್ಲ ಅಂದ್ರೆ? ಆ 23 ಗ್ರಾಂ ಬದಲಿಗೆ ಇನ್ನೊಂದು 300 ಮಿಲಿಲೀಟರ್ ಹಾಲು–ಮೊಸರು, 50 ಗ್ರಾಂ ಪನೀರ್, ಇನ್ನೊಂದು ಹಿಡಿ ಬೇಳೆ. ಹತ್ತಿರ ಹತ್ತಿರ ಅಷ್ಟೇ ಬರುತ್ತದೆ.

ಎಲ್ಲವನ್ನೂ ಒಂದೇ ಹೊತ್ತಿಗೆ ಬಡಿಸಬೇಡಿ, ಮೂರು ಹೊತ್ತಿಗೆ ಹಂಚಿ. 'ಜೀರ್ಣ ಆಪುಜಿ' ಅಂದ್ರೆ ಎಂತ ಆಗುವುದು ಅಂತ ಸಮಾಧಾನದಲ್ಲಿ ಕೇಳಿ. ಮುಳ್ಳಿನ ಹೆದರಿಕೆಯಾ? ಹಲ್ಲು ನೋವಾ? ಮಲಬದ್ಧತೆಯಾ? ಎಷ್ಟೋ ಸಲ ತೊಂದರೆ ಹೊಟ್ಟೆಯಲ್ಲಿ ಇರುವುದಿಲ್ಲ, ಬಾಯಲ್ಲಿ ಇರುತ್ತದೆ. ಮೊಟ್ಟೆಯನ್ನು ಗಂಜಿಗೇ ಕಿವುಚಿ ಕೊಟ್ಟರೆ, ಮೀನಿನ ತಿರುಳನ್ನು ಹುಣಸೆ–ಮೆಣಸಿನ ಮಸಾಲೆಯಲ್ಲಿ ಕಲಸಿ ಕೊಟ್ಟರೆ ತಿಂದಾರು. ಮತ್ತೆ, ಕೂತಲ್ಲೇ ಕೂತರೆ ತಿಂದ ಪ್ರೊಟೀನ್ ಸ್ನಾಯು ಆಗುವುದಿಲ್ಲ. ಫಿಸಿಯೋಥೆರಪಿಯವರು ಹೇಳಿದ ವ್ಯಾಯಾಮ ತಪ್ಪಿಸಬೇಡಿ.

ಇನ್ನು ಮಗನದು. 62 ಕೆ.ಜಿ., ಜಿಮ್‌ಗೆ ಹೋಗ್ತಾನೆ. ತೂಕ ಎತ್ತುವವರಿಗೆ ಕೆ.ಜಿ.ಗೆ 1.2ರಿಂದ 1.6 ಗ್ರಾಂ, ಅಂದ್ರೆ 75ರಿಂದ 100 ಗ್ರಾಂ ಬೇಕು. ಮೆಸ್ಸಿನ ಅನ್ನ, ಚಪಾತಿಯಿಂದ 28, ಬೇಳೆಯಿಂದ 13, ಹಾಲು–ಮೊಸರಿನಿಂದ 12, ಮೂರು ಮೊಟ್ಟೆಯಿಂದ 18, ಒಂದು ತುಂಡು ಮೀನು ಅಥವಾ ಕೋಳಿಯಿಂದ 18. ಒಟ್ಟು 89. ಪೌಡರ್ ಎಲ್ಲಿ ಬೇಕಾಯ್ತು?

ಪೌಡರ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ವೇ ಅಂದ್ರೆ ಹಾಲು ಒಡೆದಾಗ ಉಳಿಯುವ ನೀರಿನ ಪ್ರೊಟೀನ್. ಬೇಗ ಜೀರ್ಣವಾಗುತ್ತದೆ, ಗುಣಮಟ್ಟವೂ ಉತ್ತಮ. ಆದರೆ ಒಂದು ಚಮಚದ ಅಳತೆಯಲ್ಲಿ ಇರುವ 24 ಗ್ರಾಂ ಅಂದ್ರೆ ನಾಲ್ಕು ಮೊಟ್ಟೆ. ಡಬ್ಬದ ಬೆಲೆಯನ್ನು ಒಟ್ಟು ಪ್ರೊಟೀನ್ ಗ್ರಾಂಗೆ ಭಾಗಿಸಿ, ಮೊಟ್ಟೆಯದನ್ನೂ ಭಾಗಿಸಿ, ಪಕ್ಕ ಪಕ್ಕ ಇಟ್ಟು ನೋಡಲಿ. ಬೇಕಾದ್ದಕ್ಕಿಂತ ಹೆಚ್ಚು ತಿಂದ ಪ್ರೊಟೀನನ್ನು ದೇಹ ಕೂಡಿಟ್ಟುಕೊಳ್ಳುವುದಿಲ್ಲ. 2024ರ ಮಾರ್ಗಸೂಚಿಯಲ್ಲಿ ಪೋಷಣಾ ಸಂಸ್ಥೆಯೂ ಪೌಡರ್‌ಗಳ ಬದಲು ಊಟವನ್ನೇ ನಂಬಿ ಅಂದಿದೆ.

ಅತ್ತೆಗೆ ಪೌಡರ್ ಕೊಡಬಹುದಾ ಅಂದ್ರಲ್ಲ. ಏನು ಮಾಡಿದ್ರೂ ಊಟ ಸೇರುವುದಿಲ್ಲ ಅಂದಾಗ ಸ್ವಲ್ಪ ದಿನದ ಮಟ್ಟಿಗೆ ಅದು ಉಪಯೋಗಕ್ಕೆ ಬರಬಹುದು. ಆದರೆ ಮಗನ ಡಬ್ಬದಿಂದ ನೇರವಾಗಿ ಅಲ್ಲ. ಮೊದಲು ಮೂತ್ರಪಿಂಡದ ಪರೀಕ್ಷೆ ಮಾಡಿಸಿ, ಡಾಕ್ಟರ್ ಅಥವಾ ಡಯಟಿಷಿಯನ್ ಹತ್ತಿರ ಕೇಳಿ. ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ನಾನು ಹೇಳಿದ ಈ ಲೆಕ್ಕ ಯಾವುದೂ ಅನ್ವಯಿಸುವುದಿಲ್ಲ, ಅವರಿಗೆ ಬೇರೆಯೇ ಮಿತಿ ಇರುತ್ತದೆ.

ಅಕ್ಕ, ಇವತ್ತು ರಾತ್ರಿಯಿಂದಲೇ ಒಂದು ಕೆಲಸ ಮಾಡಿ. ಹುರುಳಿ ಬಸಿದ ಮೇಲೆ ಪಾತ್ರೆಯಲ್ಲಿ ಉಳಿಯುವ ಕಾಳನ್ನು ದನಕ್ಕೆ ಹಾಕಬೇಡಿ. ಅದನ್ನು ನುಣ್ಣಗೆ ರುಬ್ಬಿ ಅದೇ ಸಾರಿಗೆ ಸೇರಿಸಿ. ಅತ್ತೆಗೆ ರುಚಿ ಬದಲಾದದ್ದು ಗೊತ್ತಾಗಲಿಕ್ಕಿಲ್ಲ. ಅಲ್ಲಿಂದ ಶುರು ಮಾಡುವ. ಒಂದು ತಿಂಗಳು ಬಿಟ್ಟು ಅತ್ತೆ ಎಷ್ಟು ಹೆಜ್ಜೆ ನಡೆದರು ಅಂತ ನಮಗೂ ಒಂದು ವಾಯ್ಸ್ ಮೆಸೇಜ್ ಹಾಕಿ, ಕಾಯ್ತಿರ್ತೇವೆ.